ಬುಲ್ಗಾಕೋವ್ ಮೇಲೆ ಗೊಗೊಲ್ ಪ್ರಭಾವ ಅಂತಾರಲ್ಲ, ಅದು ಎಲ್ಲಿದೆ ತೋರಿಸ್ತೀರಾ?

ಹುಬ್ಬಳ್ಳಿ ಓದುಗಿ:

ಎಲ್ಲರಿಗೂ ನಮಸ್ಕಾರ. ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲದ ಪುಸ್ತಕ ರಷ್ಯನ್ ಲೇಖಕ ಮಿಖಾಯಿಲ್ ಬುಲ್ಗಾಕೋವ್ ಬರೆದ 'ಮಾಸ್ಟರ್ ಅಂಡ್ ಮಾರ್ಗರಿಟಾ'. ಶುರು ಮಾಡಿಕೊಡುವ ಸರದಿ ನನ್ನದು. ಇಂಗ್ಲಿಷ್ ಅನುವಾದದಲ್ಲಿ ಎರಡು ಸಲ ಓದಿ ಮುಗಿಸಿದೆ. ಸೈತಾನ ತನ್ನ ಪರಿವಾರ ಕಟ್ಟಿಕೊಂಡು ಮಾಸ್ಕೋಗೆ ಬರುತ್ತಾನೆ, ಜೊತೆಗೊಂದು ಹಂದಿಯಷ್ಟು ದಪ್ಪದ ಕರಿ ಬೆಕ್ಕು. ನಕ್ಕು ನಕ್ಕು ಸಾಕಾಯಿತು.

ನನ್ನ ತೊಂದರೆ ಇಷ್ಟೇ. ಗೊಗೊಲ್ ಅವನಿಗಿಂತ ಹಿಂದಿನ ರಷ್ಯನ್ ಲೇಖಕ. ಮುನ್ನುಡಿ ಬರೆದವರು, ವಿಮರ್ಶಕರು, ಎಲ್ಲರೂ "ಇಲ್ಲಿ ಗೊಗೊಲ್ ಪ್ರಭಾವ ಎದ್ದು ಕಾಣುತ್ತದೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಎಲ್ಲಿ ಎದ್ದು ಕಾಣುತ್ತದೆ ಅಂತ ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ಸರಿ, ನಾನೇ ನೋಡೋಣ ಅಂತ ಗೊಗೊಲ್‌ನ 'ಮೂಗು', 'ಓವರ್‌ಕೋಟ್' ಎರಡೂ ಕಥೆ ಓದಿದೆ. ಒಂದರಲ್ಲಿ ಮೂಗು ಮುಖ ಬಿಟ್ಟು ಹೋಗುತ್ತದೆ. ಇನ್ನೊಂದರಲ್ಲಿ ಸತ್ತ ಗುಮಾಸ್ತ ಬಂದು ದಾರಿಹೋಕರ ಕೋಟು ಕಿತ್ತುಕೊಳ್ಳುತ್ತಾನೆ. ಬುಲ್ಗಾಕೋವ್‌ನಲ್ಲಿ ಬೆಕ್ಕು ಮಾತಾಡುತ್ತದೆ. ಎರಡೂ ಕಡೆ ವಿಚಿತ್ರ ಇದೆ, ಒಪ್ಪಿದೆ. ಅಷ್ಟಕ್ಕೇ ಪ್ರಭಾವ ಅನ್ನಬಹುದಾ? ಹಾಗಾದರೆ ನಮ್ಮ ಬೇತಾಳನೂ ಹೆಣದೊಳಗೆ ಕೂತು ಕಥೆ ಹೇಳುತ್ತಾನಲ್ಲ!

ಗೊತ್ತಿದ್ದವರು ಹೇಳಿ. ದಯವಿಟ್ಟು "ಮ್ಯಾಜಿಕಲ್ ರಿಯಲಿಸಂ" ಅಂತ ಮಾತ್ರ ಹೇಳಬೇಡಿ. ನಮ್ಮ ಗುಂಪಿನಲ್ಲಿ ಆ ಪದ ಹೇಳಿದವರು ಎಲ್ಲರಿಗೂ ಮಿರ್ಚಿ ಕೊಡಿಸಬೇಕು ಅಂತ ನಿಯಮ ಇದೆ.

ಹಳೇ ಶಿರಸ್ತೇದಾರ:

ಮೇಡಂ, ನಾನು ಸಾಹಿತ್ಯ ಓದಿದವನಲ್ಲ. 34 ವರ್ಷ ಕಂದಾಯ ಇಲಾಖೆಯಲ್ಲಿ ಕಡತ ಓದಿದವನು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಕಡತದಲ್ಲೇ ಅಂತ ನನ್ನ ವಾದ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಗೊಗೊಲ್ ನನ್ನ ಕೈಗೆ ಸಿಕ್ಕಿದ್ದು 80ರ ದಶಕದಲ್ಲಿ. ಆಗ ಸೋವಿಯತ್ ಪುಸ್ತಕಗಳು ಚಹಾ ತಿಂಡಿ ಖರ್ಚಿಗೇ ಸಿಗುತ್ತಿದ್ದವು. ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ ಬಂದವೂ ಇರುತ್ತಿದ್ದವು. ಒಂದು ಪ್ರದರ್ಶನದಲ್ಲಿ 'ಡೆಡ್ ಸೋಲ್ಸ್' (ಸತ್ತ ಆತ್ಮಗಳು) ಅನ್ನುವ ಅವನ ದಪ್ಪ ಇಂಗ್ಲಿಷ್ ಪುಸ್ತಕ ಕಂಡಿತು. ದೆವ್ವದ ಕಥೆ ಇರಬೇಕು, ಬಸ್ಸಿನಲ್ಲಿ ಓದಲು ಆಗುತ್ತದೆ ಅಂತ ತಗೊಂಡೆ. ಆಗ ನಾನು ಎರಡನೇ ದರ್ಜೆ ಗುಮಾಸ್ತ.

ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಆಗಿನ ರಷ್ಯಾದಲ್ಲಿ ಜಮೀನ್ದಾರನ ಆಸ್ತಿಯನ್ನು ಅವನ ಜೀತದಾಳುಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಒಬ್ಬ ಆಳು ಅಂದರೆ ಒಂದು "ಆತ್ಮ". ಆಳುಗಳ ತಲೆಯೆಣಿಕೆ ವರ್ಷಗಟ್ಟಲೆಗೊಮ್ಮೆ. ಎರಡು ಎಣಿಕೆಯ ಮಧ್ಯೆ ಆಳು ಸತ್ತರೂ ಸರ್ಕಾರದ ಪಟ್ಟಿಯಲ್ಲಿ ಅವನು ಬದುಕೇ ಇರುತ್ತಾನೆ, ಅವನ ತಲೆಗಂದಾಯವನ್ನು ಜಮೀನ್ದಾರ ಕಟ್ಟುತ್ತಲೇ ಇರಬೇಕು. ಚಿಚಿಕೋವ್ ಅನ್ನುವ ನಯವಂತ ಈ ಸಂದು ಕಂಡುಹಿಡಿಯುತ್ತಾನೆ. ಊರೂರು ತಿರುಗಿ ಸತ್ತವರನ್ನು ಅಗ್ಗಕ್ಕೆ ಕೊಳ್ಳುತ್ತಾನೆ. ಕಾಗದದ ಮೇಲೆ ಸಾವಿರ ಆಳಿನ ಒಡೆಯನಾಗಿ, ಅವರನ್ನು ಅಡವಿಟ್ಟು ತಲೆಗೆ 200 ರೂಬಲ್‌ನಂತೆ ಸಾಲ ಎತ್ತುವುದು ಅವನ ಲೆಕ್ಕ.

ಇದನ್ನು ಓದಿದಾಗ ನನಗೆ ಬಸ್ಸಿನಲ್ಲಿ ಜೋರಾಗಿ ನಗು ಬಂತು. ಯಾಕೆ ಅಂದರೆ ಅವತ್ತು ಬೆಳಿಗ್ಗೆಯಿಂದ ನಾನು ಪಹಣಿ ಬರೆದು ಬಂದಿದ್ದೆ. ಜಮೀನಿನ ಒಡೆಯರ ಹೆಸರು ಬರೆಯುವ ಕಾಲಂ 9ರಲ್ಲಿ ಇದ್ದವರಲ್ಲಿ ಅರ್ಧ ಜನ ಸ್ಮಶಾನದಲ್ಲಿದ್ದರು! ಅಜ್ಜ ಹೋಗಿ ಮೂವತ್ತು ವರ್ಷ ಆಗಿರುತ್ತದೆ. ಮಕ್ಕಳು ಪೌತಿ ಖಾತೆ ಮಾಡಿಸಿ ಜಮೀನನ್ನು ತಮ್ಮ ಹೆಸರಿಗೆ ತಗೊಂಡಿರುವುದಿಲ್ಲ. ಅಜ್ಜ ಕಂದಾಯ ಕಟ್ಟುತ್ತಲೇ ಇರುತ್ತಾರೆ, ಬೆಳೆ ಬೆಳೆಯುತ್ತಲೇ ಇರುತ್ತಾರೆ. ಗೊಗೊಲ್ 1842ರಲ್ಲಿ ಅಚ್ಚು ಮಾಡಿಸಿದ ಪುಸ್ತಕ ನನ್ನ ಟೇಬಲ್ ನೋಡಿಕೊಂಡು ಬರೆದ ಹಾಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ಕಾದಂಬರಿಯಲ್ಲಿ ಸತ್ತವರು ಯಾರೂ ಎದ್ದು ಬರುವುದಿಲ್ಲ. ನಗು ಹುಟ್ಟುವುದು ಮಾರುವವರಿಂದ. ಕೊರೊಬೊಚ್ಕಾ ಅನ್ನುವ ಮುದುಕಿಗೆ ಚಿಚಿಕೋವ್ "ನಿಮ್ಮ ಸತ್ತ ಆಳುಗಳನ್ನು ಕೊಡಿ" ಅನ್ನುತ್ತಾನೆ. ಆಕೆ "ಅಯ್ಯೋ ರಾಮ, ಸತ್ತವರನ್ನು ಏನು ಮಾಡ್ತೀಯಪ್ಪಾ" ಅಂತ ಬೆಚ್ಚಿಬೀಳಬೇಕು ತಾನೇ? ಆಕೆಯ ಚಿಂತೆ ಬೇರೆಯೇ. ಪೇಟೆಯಲ್ಲಿ ಈಗ ಸತ್ತವರ ರೇಟು ಎಷ್ಟಿದೆಯೋ, ತಾನು ಮೋಸ ಹೋದರೆ? ಇವರ ಬದಲು ಜೇನುತುಪ್ಪವೋ ಸೆಣಬೋ ತಗೋಬಾರದಾ? ಇಲ್ಲವೇ ಮನೆಗೆಲಸಕ್ಕೆ ಇವರೇ ಬೇಕಾದರೆ? ಸೊಬಾಕೆವಿಚ್ ಅನ್ನುವ ಇನ್ನೊಬ್ಬ ತಲೆಗೆ ನೂರು ರೂಬಲ್ ಅಂತ ಶುರು ಮಾಡುತ್ತಾನೆ. ನನ್ನ ಗಾಡಿ ಮಾಡುವ ಮಿಹೆಯೆವ್ ಎಂಥ ಕೆಲಸಗಾರ, ಬಡಗಿ ಸ್ತೆಪಾನ್ ಎಷ್ಟು ಗಟ್ಟಿ ಆಳು ಅಂತ ಸತ್ತವರ ಗುಣಗಾನ ಮಾಡುತ್ತಾನೆ. ಕೊನೆಗೆ ಎರಡೂವರೆ ರೂಬಲ್‌ಗೆ ಇಳಿಯುತ್ತಾನೆ. ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನೋಡಿದ್ದೀರಲ್ಲ, ಥೇಟ್ ಅದೇ. ಟವೆಲ್ ಕೆಳಗೆ ಬೆರಳು ಹಿಡಿಯುವುದೊಂದು ಬಾಕಿ.

ನೀವು ಓದಿದ 'ಮೂಗು' ಕಥೆಯನ್ನೇ ತಗೊಳ್ಳಿ. ಬೇತಾಳನ ಕಥೆಗೂ ಅದಕ್ಕೂ ವ್ಯತ್ಯಾಸ ಏನು ಅಂದಿರಿ. ಬೇತಾಳ ಮಾತಾಡಿದರೆ ಅದು ಸ್ಮಶಾನ, ಅಮಾವಾಸ್ಯೆ, ಕೇಳುವವನು ವಿಕ್ರಮ. ಇಲ್ಲಿ ಕೊವಾಲ್ಯೋವ್ ಅನ್ನುವ ಮಾಮೂಲಿ ಅಧಿಕಾರಿ ಕಳೆದುಹೋದ ಮೂಗಿನ ಬಗ್ಗೆ ಜಾಹೀರಾತು ಕೊಡಲು ಪತ್ರಿಕೆ ಆಫೀಸಿಗೆ ಹೋಗುತ್ತಾನೆ. ಅಲ್ಲಿನ ಗುಮಾಸ್ತನಿಗೆ ಮೂಗು ಓಡಿಹೋಗಿದ್ದು ಸಮಸ್ಯೆಯೇ ಅಲ್ಲ. ಇದನ್ನು ಹಾಕಿದರೆ ಪತ್ರಿಕೆಯ ಹೆಸರು ಕೆಡುತ್ತದೆ ಅಂತ ಅವನ ತಕರಾರು. ಹಿಂದೊಮ್ಮೆ ನಾಯಿ ಕಳೆದಿದೆ ಅಂತ ಯಾರೋ ಜಾಹೀರಾತು ಕೊಟ್ಟಿದ್ದರಂತೆ, ಆಮೇಲೆ ನೋಡಿದರೆ ಆ ನಾಯಿ ಅಂದರೆ ಯಾವುದೋ ಕಚೇರಿಯ ಖಜಾಂಚಿ! ಹೀಗಂತ ಹೇಳಿ, ಪಾಪ ಅಂತ ಸಮಾಧಾನಕ್ಕೆ ನಶ್ಯದ ಡಬ್ಬಿ ಮುಂದೆ ಹಿಡಿಯುತ್ತಾನೆ. ಮೂಗಿಲ್ಲದವನಿಗೆ ನಶ್ಯ!

ಆ ಮೂಗಾದರೂ ಏನು ಕಡಿಮೆ? ಕೊವಾಲ್ಯೋವ್‌ಗಿಂತ ದೊಡ್ಡ ಹುದ್ದೆಯ ಸಮವಸ್ತ್ರ ಹಾಕಿಕೊಂಡು ಚರ್ಚಿನಲ್ಲಿ ಪ್ರಾರ್ಥನೆ ಮಾಡುತ್ತಿರುತ್ತದೆ. ಇವನು ಹತ್ತಿರ ಹೋಗಿ "ನೀವು ನನ್ನ ಮೂಗು" ಅಂದರೆ, "ನಿಮ್ಮ ಗುಂಡಿ ನೋಡಿದರೆ ನೀವು ಬೇರೆ ಇಲಾಖೆಯವರು" ಅನ್ನುವ ಅರ್ಥದಲ್ಲಿ ಉತ್ತರ ಕೊಡುತ್ತದೆ. ಕೊನೆಗೆ ರಿಗಾ ಊರಿಗೆ ಹೊರಟ ಗಾಡಿ ಹತ್ತುವಾಗ ಸಿಕ್ಕಿಬೀಳುತ್ತದೆ. ಆಗಲೂ ಕೈಯಲ್ಲಿ ಯಾರೋ ಅಧಿಕಾರಿಯ ಹೆಸರಿನ ಪಾಸ್‌ಪೋರ್ಟ್.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬುಲ್ಗಾಕೋವ್‌ನ ಬೆಕ್ಕು ಟ್ರಾಮ್ ಹತ್ತುವ ಪುಟ ತೆಗೆಯಿರಿ. ಬೆಹೆಮೊತ್ ಹಿಂಗಾಲ ಮೇಲೆ ನಿಂತು ಕಂಡಕ್ಟರಮ್ಮನಿಗೆ ಹತ್ತು ಕೊಪೆಕ್ ಚಾಚುತ್ತದೆ. ಆಕೆ ಕಿರುಚುವುದೇನು? "ಬೆಕ್ಕುಗಳಿಗೆ ಪ್ರವೇಶ ಇಲ್ಲ! ಇಳಿ, ಪೊಲೀಸರನ್ನು ಕರೀತೀನಿ!" ಬೆಕ್ಕು ದುಡ್ಡು ಕೊಡುತ್ತಿದೆ ಅನ್ನುವ ಆಶ್ಚರ್ಯ ಆಕೆಗೂ ಇಲ್ಲ, ಪ್ರಯಾಣಿಕರಿಗೂ ಇಲ್ಲ. ಬೆಕ್ಕು ಮರ್ಯಾದಸ್ಥ, ಹೇಳಿದ ಹಾಗೆ ಇಳಿಯುತ್ತದೆ. ಆಮೇಲೆ ಹಿಂದಿನಿಂದ ಜೋತುಬಿದ್ದು ಹತ್ತು ಕೊಪೆಕ್ ಉಳಿಸಿಕೊಂಡು ಹೋಗುತ್ತದೆ.

ನಶ್ಯ ಕೊಟ್ಟ ಗುಮಾಸ್ತ, ಈ ಕಂಡಕ್ಟರಮ್ಮ, ಇವರಿಬ್ಬರೂ ಅಕ್ಕ ತಮ್ಮ. ನಡೆಯಬಾರದ್ದು ಕಣ್ಣ ಮುಂದೆ ನಡೆಯುತ್ತಿದೆ, ಇವರು ನಿಯಮದ ಪುಸ್ತಕ ತಿರುವುತ್ತಿದ್ದಾರೆ. ಗೊಗೊಲ್‌ನಿಂದ ಬುಲ್ಗಾಕೋವ್‌ಗೆ ಬಂದ ಆಸ್ತಿ ಇದು. ಸೈತಾನ, ಬೆಕ್ಕು ಎಲ್ಲ ಮೇಲಿನ ಮಸಾಲೆ. ಅಂದ ಹಾಗೆ ಗೊಗೊಲ್ 'ಕ್ರಿಸ್‌ಮಸ್ ಹಿಂದಿನ ರಾತ್ರಿ' ಕಥೆಯಲ್ಲಿ ಚಂದ್ರನನ್ನು ಕದಿಯುವ ಸೈತಾನನ್ನು ಹೇಗೆ ವರ್ಣಿಸುತ್ತಾನೆ ಗೊತ್ತಾ? ಹಿಂದಿನಿಂದ ನೋಡಿದರೆ ಸಮವಸ್ತ್ರ ತೊಟ್ಟ ಜಿಲ್ಲಾ ವಕೀಲನ ಹಾಗೆ. ಬಾಲ ಇದೆಯಲ್ಲ, ಅದು ಕೋಟಿನ ತುದಿಯಷ್ಟೇ ಉದ್ದ, ಅಷ್ಟೇ ಚೂಪು. ಅವನಿಗೆ ಸೈತಾನ ಕಂಡಿದ್ದೂ ಕಚೇರಿಯಲ್ಲೇ.

ಇನ್ನೊಂದೇ ಒಂದು ಹೇಳಿ ನಿಲ್ಲಿಸುತ್ತೇನೆ. ಬುಲ್ಗಾಕೋವ್ ಕಾದಂಬರಿಯಲ್ಲಿ ಬೆರ್ಲಿಯೋಜ್ ಅನ್ನುವ ಸಂಪಾದಕ ಟ್ರಾಮ್ ಕೆಳಗೆ ಸತ್ತ ಮೇಲೆ ಕೀವ್‌ನಲ್ಲಿರುವ ಅವನ ಸಂಬಂಧಿ ಪೊಪ್ಲಾವ್ಸ್ಕಿಗೆ ಒಂದು ತಂತಿ ಹೋಗುತ್ತದೆ. ನಾನು ಈಗಷ್ಟೇ ಟ್ರಾಮ್ ಕೆಳಗೆ ಸಿಕ್ಕಿದೆ, ಶುಕ್ರವಾರ ಮೂರು ಗಂಟೆಗೆ ಅಂತ್ಯಕ್ರಿಯೆ, ಬಾ, ಬೆರ್ಲಿಯೋಜ್ ಅಂತ. ಸತ್ತವನೇ ಕಳಿಸಿದ ತಂತಿ. ಪೊಪ್ಲಾವ್ಸ್ಕಿ ಬುದ್ಧಿವಂತ. ಇದು ತಂತಿ ಕಚೇರಿಯವರ ತಪ್ಪು, "ನಾನು" ಅನ್ನುವ ಪದ ಎಲ್ಲಿಂದಲೋ ತಪ್ಪಿ ಇಲ್ಲಿ ಬಂದು ಸೇರಿದೆ ಅಂತ ತೀರ್ಮಾನಿಸಿ ರೈಲು ಹತ್ತುತ್ತಾನೆ. ಅಳುವುದಕ್ಕೆ ಅಲ್ಲ, ಫ್ಲಾಟ್ ಹೊಡೆಯುವುದಕ್ಕೆ. ಅಲ್ಲಿ ಬೆಕ್ಕು ಅವನ ಪಾಸ್‌ಪೋರ್ಟ್ ಪರಿಶೀಲಿಸಿ, ಯಾವ ಕಚೇರಿ ಕೊಟ್ಟಿದ್ದು ಅಂತ ನೋಡಿ, ಅಂತ್ಯಕ್ರಿಯೆಯಲ್ಲಿ ನಿಮ್ಮ ಹಾಜರಿ ರದ್ದು ಅಂತ ಆದೇಶ ಮಾಡುತ್ತದೆ. ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರಕ್ಕೆ ಹಿಂಬರಹ ಅನ್ನುತ್ತೇವೆ, ನಾನು ನೋಡಿದ ಹಿಂಬರಹಗಳಲ್ಲಿ ಇಷ್ಟು ಚೊಕ್ಕ ಹಿಂಬರಹ ಇನ್ನೊಂದಿಲ್ಲ.

ಕೊಂಕು ಮೇಷ್ಟ್ರು:

ಶಿರಸ್ತೇದಾರರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಒಪ್ಪಲ್ಲ. ನೀವು ಎಲ್ಲವನ್ನೂ ಗೊಗೊಲ್ ಖಾತೆಗೆ ಜಮಾ ಮಾಡಿದ್ದೀರಿ. ರಷ್ಯದ ವಿಡಂಬನಕಾರ ಸಾಲ್ತಿಕೋವ್-ಶ್ಚೆದ್ರಿನ್ ಎಲ್ಲಿ ಹೋದ?

28 ಮಾರ್ಚ್ 1930ರಂದು ಬುಲ್ಗಾಕೋವ್ ಸೋವಿಯತ್ ಸರ್ಕಾರಕ್ಕೆ ಒಂದು ಪತ್ರ ಬರೆಯುತ್ತಾನೆ. ನಾಟಕಗಳೆಲ್ಲ ನಿಂತುಹೋಗಿದ್ದ ಕಾಲ. ಹತ್ತು ವರ್ಷದಲ್ಲಿ ತನ್ನ ಬಗ್ಗೆ ಬಂದ 301 ಬರಹ ಸಂಗ್ರಹಿಸಿದ್ದೇನೆ, ಅದರಲ್ಲಿ ಹೊಗಳಿದ್ದು 3, ಬೈದಿದ್ದು 298 ಅಂತ ಲೆಕ್ಕ ಕೊಡುತ್ತಾನೆ. ಅದೇ ಪತ್ರದಲ್ಲಿ ತನ್ನ ವಿಡಂಬನೆಯ ಬಗ್ಗೆ ಹೇಳುವಾಗ "ನನ್ನ ಗುರು" ಅಂತ ಕರೆಯುವುದು ಶ್ಚೆದ್ರಿನ್‌ನನ್ನು. ಗೊಗೊಲ್‌ನನ್ನಲ್ಲ. ಲೇಖಕನೇ ಬರೆದುಕೊಟ್ಟ ದಾಖಲೆ ಇದು. ಕಂದಾಯ ಇಲಾಖೆಯವರಿಗೆ ದಾಖಲೆಯ ಬೆಲೆ ನಾನು ಹೇಳಬೇಕಾ?

ಶ್ಚೆದ್ರಿನ್‌ನ 'ಒಂದು ಊರಿನ ಇತಿಹಾಸ' ಓದಿ. ಅಲ್ಲಿ ಒಬ್ಬ ನಗರಾಧಿಕಾರಿ ಬರುತ್ತಾನೆ. ತಲೆಯೊಳಗೆ ಮಿದುಳಿನ ಜಾಗದಲ್ಲಿ ಒಂದು ಸಂಗೀತ ಯಂತ್ರ. ಅದು ನುಡಿಸುವುದು ಎರಡೇ: "ನಾಶ ಮಾಡ್ತೀನಿ!" ಮತ್ತು "ಸಹಿಸಲ್ಲ!" ಅಷ್ಟರಲ್ಲೇ ಊರು ನಡೆಯುತ್ತದೆ. ಈಗ 'ಮಾಸ್ಟರ್ ಅಂಡ್ ಮಾರ್ಗರಿಟಾ'ದ ಖಾಲಿ ಸೂಟು ನೆನಪಿಸಿಕೊಳ್ಳಿ. ಪ್ರೊಹೊರ್ ಪೆತ್ರೊವಿಚ್ ಅನ್ನುವ ಅಧ್ಯಕ್ಷ ಸಿಟ್ಟಿನಲ್ಲಿ "ನನ್ನನ್ನು ಸೈತಾನ ಹೊತ್ತುಕೊಂಡು ಹೋಗಲಿ" ಅಂದುಬಿಡುತ್ತಾನೆ. ಬೆಕ್ಕು, ಅದಕ್ಕೇನಂತೆ, ಆಗಬಹುದು ಅನ್ನುತ್ತದೆ. ಮನುಷ್ಯ ಮಾಯ. ತಲೆಯಿಲ್ಲದ ಸೂಟು ಕುರ್ಚಿಯಲ್ಲಿ ಕೂತು ಇಂಕಿಲ್ಲದ ಪೆನ್ನಿನಲ್ಲಿ ಸಹಿ ಹಾಕುತ್ತಲೇ ಇರುತ್ತದೆ. ತಲೆ ಬೇಡದ ಅಧಿಕಾರ! ಇದು ನೇರ ಶ್ಚೆದ್ರಿನ್ ಮನೆಯ ಸೊತ್ತು.

ಇನ್ನೊಂದು ಮಾತು. ಗೊಗೊಲ್ ನಗುತ್ತಾನೆ, ನಕ್ಕು ತಾನೇ ಹೆದರುತ್ತಾನೆ. ಶ್ಚೆದ್ರಿನ್ ಹಲ್ಲು ಕಚ್ಚುತ್ತಾನೆ. ಬುಲ್ಗಾಕೋವ್‌ನ ಸಿಟ್ಟು ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಎರಡನೆಯವನ ಕಡೆ ಕೈ ತೋರಿಸುತ್ತೇನೆ.

ಹಳೇ ಶಿರಸ್ತೇದಾರ:

ಮೇಷ್ಟ್ರೇ, ಪತ್ರದ ವಿಷಯ ಸರಿ. ಶ್ಚೆದ್ರಿನ್‌ನನ್ನು ಬಿಟ್ಟಿದ್ದು ನನ್ನ ತಪ್ಪು. ಆದರೆ ಅರ್ಜಿ ಬರೆದು ಬದುಕಿದವರ ನಡುವೆ 34 ವರ್ಷ ಕಳೆದ ನನಗೆ ಒಂದು ಗೊತ್ತು. ಅರ್ಜಿಯಲ್ಲಿ ಬರೆದಿದ್ದು ಅರ್ಜಿದಾರನ ಮನಸ್ಸಲ್ಲ, ಓದುವ ಸಾಹೇಬರ ಮುಖ ನೋಡಿಕೊಂಡು ಬರೆದಿದ್ದು. ಸರ್ಕಾರಕ್ಕೆ ಬರೆಯುವಾಗ ಅವನು ಶ್ಚೆದ್ರಿನ್ ಹೆಸರು ಹೇಳಿದ. ಗೆಳೆಯ ಪೊಪೋವ್‌ಗೆ ಬರೆಯುವಾಗ ಯಾರನ್ನು ನೆನೆದ? ಗುರುವೇ, ನಿನ್ನ ಬೀಡುಕಬ್ಬಿಣದ ಕೋಟಿನಲ್ಲಿ ನನ್ನನ್ನು ಮುಚ್ಚಿಕೋ ಅಂತ ಅವನು ಬೇಡಿಕೊಂಡಿದ್ದು ಗೊಗೊಲ್‌ನನ್ನು. ನಾನು ಎರಡನೇ ಪತ್ರವನ್ನು ಜಾಸ್ತಿ ನಂಬುತ್ತೇನೆ.

ಸೂಟಿನ ವಿಷಯಕ್ಕೆ ಬರೋಣ. ನಾಚಿಕೆಯ ಒಂದು ಸಂಗತಿ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಕುರ್ಚಿಯ ಬೆನ್ನಿಗೆ ಒಂದು ಕೊಡೆ ನೇತುಹಾಕಿರುತ್ತಿತ್ತು. ಮೇಜಿನ ಮೇಲೆ ಒಂದು ಹಳೇ ಕನ್ನಡಕ. ಮಳೆಗಾಲ, ಬೇಸಿಗೆ, ಯಾವಾಗಲೂ. ಬಂದವರು ಕೇಳಿದರೆ ಜವಾನ "ಇಲ್ಲೇ ಇದ್ದಾರೆ, ಈಗ ಬರ್ತಾರೆ" ಅನ್ನುತ್ತಿದ್ದ. ಕೊಡೆ ಇದೆಯಲ್ಲ, ಇರಲೇಬೇಕು! ಒಬ್ಬ ವಯಸ್ಸಾದ ರೈತ ಸಂಜೆ ನಾಲ್ಕರವರೆಗೆ ಕಾದು, ಹೋಗುವಾಗ ಆ ಕುರ್ಚಿಗೆ ಕೈ ಮುಗಿದು ಹೋದ. ಕಿಟಕಿಯಾಚೆ ಚಹಾ ಅಂಗಡಿಯಲ್ಲಿ ನಿಂತು ನಾನು ಅದನ್ನು ನೋಡಿದೆ. ಆ ಕೊಡೆ ನನ್ನದೇ. ಮಾರನೇ ದಿನ ಅದನ್ನು ಮನೆಗೆ ಒಯ್ದೆ.

ಹಾಗಾಗಿ ಖಾಲಿ ಸೂಟು ಓದಿದಾಗ ನನಗೆ ಶ್ಚೆದ್ರಿನ್‌ನ ಯಂತ್ರದ ತಲೆ ನೆನಪಾಗಲಿಲ್ಲ. ಆ ಯಂತ್ರ ಊರನ್ನು ಹೆದರಿಸುತ್ತದೆ. ಸೂಟು ಯಾರನ್ನೂ ಹೆದರಿಸುವುದಿಲ್ಲ, ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಮೂಗಿಗೆ ಸಮವಸ್ತ್ರ ಹಾಕಿದರೆ ಜನ ಸಲಾಂ ಹೊಡೆಯುತ್ತಾರೆ ಅಂತ ಗೊಗೊಲ್ ಕಂಡುಹಿಡಿದ. ಮೂಗೂ ಬೇಕಿಲ್ಲ, ಬರೀ ಬಟ್ಟೆ ಸಾಕು ಅಂತ ಬುಲ್ಗಾಕೋವ್ ಒಂದು ಹೆಜ್ಜೆ ಮುಂದೆ ಹೋದ. ಆ ಪ್ರಸಂಗದ ಕೊನೆ ನೀವು ಬಿಟ್ಟಿರಿ ಮೇಷ್ಟ್ರೇ, ಅದೇ ರಸ. ಪ್ರೊಹೊರ್ ಪೆತ್ರೊವಿಚ್ ತಿರುಗಿ ಬಂದು ಸೂಟಿನೊಳಗೆ ಸೇರಿದ ಮೇಲೆ, ತಾನಿಲ್ಲದಾಗ ಸೂಟು ಹಾಕಿದ ಷರಾ ಎಲ್ಲವನ್ನೂ ನೋಡಿ, ಪೂರ್ತಿ ಒಪ್ಪಿಗೆ ಕೊಡುತ್ತಾನೆ. ಒಂದನ್ನೂ ತಿದ್ದುವುದಿಲ್ಲ!

ಓದುಗಿ ಮೇಡಂ, ಬೆರಳಿಟ್ಟು ತೋರಿಸಿ ಅಂದಿರಲ್ಲ, ಇನ್ನೂ ನೇರವಾದ ಸಾಕ್ಷಿ ಇದೆ. ಬುಲ್ಗಾಕೋವ್ 'ಡೆಡ್ ಸೋಲ್ಸ್' ಓದಿದ್ದು ಒಂಬತ್ತನೇ ವಯಸ್ಸಿಗೆ, ಸಾಹಸದ ಕಥೆ ಅಂದುಕೊಂಡು. ಮುಂದೆ ಡಾಕ್ಟರಾಗಿ, ಡಾಕ್ಟರಿಕೆ ಬಿಟ್ಟು, 1921ರಲ್ಲಿ ಮಾಸ್ಕೋಗೆ ಬಂದ. ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುತ್ತಿದ್ದ. 1922ರಲ್ಲಿ 'ಚಿಚಿಕೋವ್‌ನ ಸಾಹಸಗಳು' ಅಂತ ಒಂದು ಕಥೆ ಬರೆದ. ಯಾವನೋ ಕುಚೇಷ್ಟೆಯ ಸೈತಾನ ನೆರಳುಗಳ ಲೋಕದ ಬಾಗಿಲು ತೆಗೆದುಬಿಡುತ್ತಾನೆ. ಗೊಗೊಲ್‌ನ ಪಾತ್ರಗಳೆಲ್ಲ ಗಾಡಿ ಕಟ್ಟಿಕೊಂಡು ಸೋವಿಯತ್ ಮಾಸ್ಕೋಗೆ ಬರುತ್ತವೆ. ಚಿಚಿಕೋವ್‌ಗೆ ಹೊಸ ಊರು ಅನ್ನಿಸುವುದೇ ಇಲ್ಲ. ಹೋಟೆಲಿನ ಬೋರ್ಡು ಬದಲಾಗಿದೆ, ತಿಗಣೆ ಅವೇ. ಫಾರಂ ತುಂಬಿ, ರೇಷನ್ ಹೊಡೆದು, ಇಲ್ಲದ ಉದ್ದಿಮೆಯೊಂದನ್ನು ಗುತ್ತಿಗೆಗೆ ಹಿಡಿದು, ಕೋಟಿಗಟ್ಟಲೆ ಮುಂಗಡ ಎತ್ತುತ್ತಾನೆ. ಆ ಉದ್ದಿಮೆಯ ಹೆಸರು "ಪಾಂಪುಶ್ ತ್ವೆರ್ಬುಲ್". ಆಗಿನ ಸರ್ಕಾರಿ ಸಂಕ್ಷಿಪ್ತ ಹೆಸರುಗಳ ಚಾಳಿ ಅದು. ಬಿಡಿಸಿ ನೋಡಿದರೆ ತ್ವೆರ್ಸ್ಕೊಯ್ ಬುಲೆವಾರ್ಡ್‌ನಲ್ಲಿ ಆಗ ಇದ್ದ ಕವಿ ಪುಷ್ಕಿನ್ ಪ್ರತಿಮೆ! 'ಡೆಡ್ ಸೋಲ್ಸ್' ಕಥೆಯ ಎಳೆ ಕೊಟ್ಟಿದ್ದು ಪುಷ್ಕಿನ್ ಅಂತ ಗೊಗೊಲ್ ಹೇಳಿಕೊಂಡಿದ್ದಾನೆ. ಆ ಪುಷ್ಕಿನ್‌ನನ್ನೇ ಚಿಚಿಕೋವ್ ಗುತ್ತಿಗೆಗೆ ಹಾಕಿದ.

ಕಥೆಯ ಕೊನೆಗೆ ಕಥೆಗಾರನೇ ಚಿಚಿಕೋವ್‌ನನ್ನು ಹಿಡಿದುಕೊಡುತ್ತಾನೆ. ಏನು ಬಹುಮಾನ ಬೇಕು ಕೇಳು ಅಂದಾಗ ಅವನಿಗೆ ಮೊದಲು ಪ್ಯಾಂಟು, ಸಕ್ಕರೆ ಅಂತ ಕೇಳುವ ಆಸೆ. ಆಮೇಲೆ ಕೇಳುವುದು ಗೊಗೊಲ್‌ನ ಪುಸ್ತಕಗಳನ್ನು, ಗಟ್ಟಿ ರಟ್ಟಿನವು. ಹೊಟ್ಟೆಪಾಡಿಗೆ ತಾನು ಹಳೇ ಸಾಮಾನಿನ ಸಂತೆಯಲ್ಲಿ ಮಾರಿದ್ದವು. ಅಷ್ಟರಲ್ಲಿ ಎಚ್ಚರ ಆಗುತ್ತದೆ.

ಮಾಸ್ಕೋ ಡಾಕ್ಟರು:

ಈ ಚರ್ಚೆ ತಡವಾಗಿ ನೋಡಿದೆ. ನಾನು ಮಾಸ್ಕೋದಲ್ಲಿ ಆರು ವರ್ಷ ಮೆಡಿಕಲ್ ಓದಿದವನು, ಊರು ದಾವಣಗೆರೆ ಕಡೆ. ಸಾಹಿತ್ಯದ ಬಗ್ಗೆ ನನಗೆ ಜಾಸ್ತಿ ತಿಳಿಯದು. ಕಣ್ಣಲ್ಲಿ ಕಂಡಿದ್ದು ಹೇಳುತ್ತೇನೆ.

ಬಲ್ಶಾಯ ಸದೋವಯ ಬೀದಿ, 10ನೇ ನಂಬರ್ ಕಟ್ಟಡ, ಫ್ಲಾಟ್ 50. ಬುಲ್ಗಾಕೋವ್ ಮಾಸ್ಕೋಗೆ ಬಂದ ಹೊಸದರಲ್ಲಿ ಇದ್ದ ಮನೆ. ಕಾದಂಬರಿಯಲ್ಲಿ ಸೈತಾನ ಇಳಿದುಕೊಳ್ಳುವುದೂ ಫ್ಲಾಟ್ 50ರಲ್ಲೇ, ಕಟ್ಟಡದ ನಂಬರ್ ಮಾತ್ರ ಬದಲು. ಮೆಟ್ಟಿಲ ಗೋಡೆ ತುಂಬ ಓದುಗರು ಬರೆದ ಸಾಲು, ಬೆಕ್ಕಿನ ಚಿತ್ರ. ಈಗ ಅದು ಮ್ಯೂಸಿಯಂ. ನಾವು ನಾಲ್ಕು ಜನ ಒಂದು ಕೋಣೆಯ ಹಾಸ್ಟೆಲ್‌ನಲ್ಲಿ ಇದ್ದವರು. ಅಲ್ಲಿ ಹೋದಾಗ ಬೆರ್ಲಿಯೋಜ್ ಸತ್ತ ಮಾರನೇ ಬೆಳಿಗ್ಗೆ ಎರಡೇ ಗಂಟೆಯಲ್ಲಿ ಅವನ ಕೋಣೆಗಳಿಗಾಗಿ 32 ಅರ್ಜಿ ಬಂದವು ಅನ್ನುವ ಪುಟ ನೆನಪಾಗಿ ನಗು ಬಂತು. ಅದು ಉತ್ಪ್ರೇಕ್ಷೆ ಅಂತ ನಮಗೆ ಯಾರಿಗೂ ಅನ್ನಿಸಲಿಲ್ಲ.

ಆದರೆ ನಾನು ಹೇಳಬೇಕು ಅಂದಿದ್ದು ನೊವೊದೆವಿಚಿ ಸ್ಮಶಾನದ ವಿಷಯ. ಗೊಗೊಲ್ 1852ರಲ್ಲಿ ತೀರಿಕೊಂಡಾಗ ಅವನನ್ನು ದನಿಲೋವ್ ಮಠದಲ್ಲಿ ಹೂಳಿದರು. ಸಮಾಧಿಯ ಮೇಲೆ ಒಂದು ಕರಿ ಒರಟು ಬಂಡೆ, ಅದರ ಮೇಲೆ ಶಿಲುಬೆ. ಬಂಡೆಗೆ "ಗೊಲ್ಗೊಥಾ" ಅಂತ ಹೆಸರು, ಯೇಸುವನ್ನು ಶಿಲುಬೆಗೇರಿಸಿದ ಜಾಗದ ಹೆಸರು ಅದು. 1931ರಲ್ಲಿ ಅವನ ಅಸ್ಥಿಯನ್ನು ನೊವೊದೆವಿಚಿಗೆ ಸಾಗಿಸಿದರು. ಆಮೇಲೆ ಅವನ ನೂರನೇ ಪುಣ್ಯತಿಥಿಗೆ ಸರ್ಕಾರದವರು ಹೊಸ ಅಮೃತಶಿಲೆ ಪ್ರತಿಮೆ ನಿಲ್ಲಿಸಿದರು. ಹಳೇ ಬಂಡೆ ಕಲ್ಲುಕುಟಿಗರ ಅಂಗಳದ ಕಸದಲ್ಲಿ ಬಿತ್ತು.

ಬುಲ್ಗಾಕೋವ್ ತೀರಿಕೊಂಡಿದ್ದು 10 ಮಾರ್ಚ್ 1940ರಂದು. ಅವನದ್ದೂ ಅದೇ ಸ್ಮಶಾನ. ಹೆಂಡತಿ ಯೆಲೆನಾ ಸೆರ್ಗೆಯೆವ್ನಾ ಸಮಾಧಿಗೆ ಹೊಂದುವ ಕಲ್ಲು ಹುಡುಕುತ್ತ ಹಲವು ವರ್ಷ ಆ ಕುಟಿಗರ ಹತ್ತಿರ ಅಲೆದರು. ಒಂದು ದಿನ ಚೂರುಪಾರಿನ ನಡುವೆ ಕರಿ ಬಂಡೆ ಕಂಡಿತು. ಇದೇನು ಅಂತ ಕೇಳಿದರೆ, ಗೊಗೊಲ್ ಸಮಾಧಿಯದ್ದು, ಈಗ ಬೇಡವಾಗಿದೆ ಅಂದರು. ಕೊಂಡು ತಂದು ಗಂಡನ ಸಮಾಧಿಯ ಮೇಲೆ ಇಟ್ಟರು.

ಶಿರಸ್ತೇದಾರರು ಬರೆದ ಆ ಪತ್ರದ ಸಾಲು ನನಗೆ ಆಗ ಗೊತ್ತಿರಲಿಲ್ಲ. ನಾನು ಸುಮ್ನೆ ಒಂದು ಕಪ್ಪು ಕಲ್ಲು ನೋಡಿ, ಚಳಿ ತಡೆಯದೆ ಮೆಟ್ರೊ ಕಡೆ ಓಡಿಬಂದಿದ್ದೆ.

ಕೊಂಕು ಮೇಷ್ಟ್ರು:

ಸೋತೆ. ಕಲ್ಲಿನ ಮುಂದೆ ಕಾಗದ ನಿಲ್ಲಲ್ಲ. ಆದರೂ ಶ್ಚೆದ್ರಿನ್ ಓದಿ ಅನ್ನುವುದನ್ನು ಬಿಡಲ್ಲ.

ಬೆಂಕಿಯ ಮಾತು ಯಾರೂ ಎತ್ತಲಿಲ್ಲ. ಗೊಗೊಲ್ 'ಡೆಡ್ ಸೋಲ್ಸ್' ಎರಡನೇ ಭಾಗದ ಹಸ್ತಪ್ರತಿಯನ್ನು 1852ರ ಫೆಬ್ರವರಿಯ ಒಂದು ರಾತ್ರಿ ಒಲೆಗೆ ಹಾಕಿದ, ಕೆಲವೇ ದಿನದಲ್ಲಿ ಸತ್ತ. ಬುಲ್ಗಾಕೋವ್ ಕೂಡ ಸೈತಾನನ ಕಾದಂಬರಿಯ ಮೊದಲ ಕರಡನ್ನು ಒಲೆಗೆ ಹಾಕಿದ್ದೇನೆ ಅಂತ ಆ 1930ರ ಪತ್ರದಲ್ಲೇ ಬರೆಯುತ್ತಾನೆ. ಮತ್ತೆ ಮೊದಲಿನಿಂದ ಬರೆದ. "ಹಸ್ತಪ್ರತಿಗಳು ಸುಡುವುದಿಲ್ಲ" ಅಂತ ಸೈತಾನನ ಬಾಯಲ್ಲಿ ಹೇಳಿಸಿದ. ಗೊಗೊಲ್‌ಗೆ ಕೊಟ್ಟ ಉತ್ತರ ಅದು ಅಂತ ನನಗನ್ನಿಸುತ್ತದೆ. ಎದುರುತ್ತರ ಅಂದರೂ ಸರಿ. ಅವನ ಕಾದಂಬರಿ 'ಮಸ್ಕ್ವಾ' ಪತ್ರಿಕೆಯಲ್ಲಿ ಅಚ್ಚಾಗಲು ಶುರುವಾಗಿದ್ದು 1966ರಲ್ಲಿ, ಅದೂ ಕತ್ತರಿ ಬಿದ್ದು. ಅವನು ಹೋಗಿ 26 ವರ್ಷ ಆಗಿತ್ತು.

ಹುಬ್ಬಳ್ಳಿ ಓದುಗಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಮಾತಾಡಿ ಬಂದೆ. ಇಪ್ಪತ್ತು ನಿಮಿಷ ಅಂತ ಇದ್ದದ್ದು ಒಂದೂವರೆ ಗಂಟೆ ಆಯಿತು. ಮೊದಲು ನಶ್ಯದ ಭಾಗ, ಆಮೇಲೆ ಟ್ರಾಮ್ ಭಾಗ, ಎರಡನ್ನೂ ಬೆನ್ನಿಗೆ ಬೆನ್ನು ಓದಿದೆ. ವಿವರಿಸುವ ಕೆಲಸವೇ ಬೀಳಲಿಲ್ಲ. ಒಬ್ಬರು ಮಾತ್ರ ತಡೆಯಲಾರದೆ "ಇದೇ ಮ್ಯಾಜಿಕಲ್..." ಅಂತ ಬಾಯಿ ಬಿಟ್ಟರು. ಎಲ್ಲರಿಗೂ ಮಿರ್ಚಿ ಸಿಕ್ಕಿತು.

ಮಾಸ್ಕೋ ಡಾಕ್ಟರ್ ಸರ್, ಕಲ್ಲಿನ ಕಥೆ ಕೊನೆಗೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಶಿರಸ್ತೇದಾರ್ ಸರ್, ನಿಮ್ಮ ಪಹಣಿ ಮಾತನ್ನೂ ಹೇಳಿದೆ. ಅಲ್ಲಿ ಕೂತಿದ್ದ ಎಂಟು ಜನರಲ್ಲಿ ಐದು ಜನರ ಊರಿನ ಹೊಲ ಇನ್ನೂ ಸತ್ತವರ ಹೆಸರಲ್ಲೇ ಇದೆಯಂತೆ. ನಮ್ಮದೂ ಅಷ್ಟೇ. ನವಲಗುಂದದ ಹತ್ತಿರ ಮೂರು ಎಕರೆ, ಅಜ್ಜನ ಹೆಸರಲ್ಲಿದೆ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ಅಜ್ಜಾರ ಹೆಸರಿನ್ಯಾಗ ಇರ್ಲಿ ಬಿಡವಾ, ಅವ್ರೇನು ಕೇಳಾಕ ಬರ್ತಾರೇನು" ಅಂದರು.

ಹಳೇ ಶಿರಸ್ತೇದಾರ:

ಅಜ್ಜ ಬರಲ್ಲ ಮೇಡಂ, ಆದರೆ ಚಿಚಿಕೋವ್ ಬರುತ್ತಾನೆ. ತಮಾಷೆ ಬಿಡಿ, ಈ ಕೆಲಸ ಮೊದಲು ಮಾಡಿಸಿ. ಅಜ್ಜನ ಮರಣ ಪತ್ರ ಇದೆಯಾ? ಇಲ್ಲದಿದ್ದರೆ ಮೊದಲು ಅದು ಆಗಬೇಕು, ಹಳೇದಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗಬಹುದು. ವಂಶವೃಕ್ಷ ಮಾಡಿಸಿ. ಅತ್ತೆಯಂದಿರ ಹೆಸರು ಬಿಡಬೇಡಿ, ಆಮೇಲೆ ಅದೇ ದೊಡ್ಡ ತಕರಾರು. ಎಲ್ಲ ಹಿಡಿದುಕೊಂಡು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ, ಸ್ವೀಕೃತಿ ಇಸ್ಕೊಳ್ಳದೆ ಬರಬೇಡಿ.

ಕುರ್ಚಿಯ ಮೇಲೆ ಕೊಡೆ ಕಂಡರೆ ಕಾಯಬೇಡಿ. ಪಕ್ಕದ ಚಹಾ ಅಂಗಡಿಯಲ್ಲಿ ನೋಡಿ.